ಪ್ಲಾನಿಂಗ್ ಕೋಣೆಯಲ್ಲಿ ಇನ್ನೊಂದು ಕುರ್ಚಿ: ದಾವಣಗೆರೆ–ಚಿತ್ರದುರ್ಗದಲ್ಲಿ ಡೋಸಿಮೆಟ್ರಿ ತರಬೇತಿ ಸ್ಥಾನ ಹೆಚ್ಚಿಸುವ ಬಗೆ

ಕ್ಯಾನ್ಸರಿಗೆ ವಿಕಿರಣ ಕೊಡುವ ರೇಡಿಯೋಥೆರಪಿ ಚಿಕಿತ್ಸೆಗೆ ನಮ್ಮ ಕಡೆಯ ರೋಗಿಗಳು ‘ಕರೆಂಟ್ ಕೊಡುವುದು’ ಎನ್ನುತ್ತಾರೆ. ಜಗಳೂರಿನಿಂದಲೋ ಮೊಳಕಾಲ್ಮೂರಿನಿಂದಲೋ ಬಸ್ಸು ಹಿಡಿದು ಬಂದ ಅಜ್ಜಿಗೆ ಕಾಣುವುದು ದೊಡ್ಡ ಯಂತ್ರ, ಗಟ್ಟಿ ಮೇಜು, ಹತ್ತು ಹದಿನೈದು ನಿಮಿಷದ ಕೆಲಸ. ಯಾವ ಕೋನದಿಂದ ಎಷ್ಟು ಕಿರಣ ಬಿಡಬೇಕು, ಗಡ್ಡೆಗೆ ಪೂರ್ತಿ ಡೋಸ್ ಮುಟ್ಟಿಯೂ ಬೆನ್ನುಹುರಿ ಉಳಿಯುವುದು ಹೇಗೆ ಎಂದು ಒಳಗಿನ ಕೋಣೆಯಲ್ಲಿ ಗಂಟೆಗಟ್ಟಲೆ ಲೆಕ್ಕ ಹಾಕಿದವರು ಆಕೆಯ ಕಣ್ಣಿಗೆ ಬೀಳುವುದೇ ಇಲ್ಲ. ಆ ಲೆಕ್ಕದ ಕೆಲಸವೇ ಮೆಡಿಕಲ್ ಡೋಸಿಮೆಟ್ರಿ. ಅದು ನಡೆಯುವ ಜಾಗ ಪ್ಲಾನಿಂಗ್ ಕೋಣೆ, ಅಲ್ಲಿ ಸಿದ್ಧವಾಗುವ ಲೆಕ್ಕವೇ ಪ್ಲಾನು.

ಅಮೆರಿಕದಲ್ಲಿ ಇದು ಪ್ರತ್ಯೇಕ ವೃತ್ತಿ. 2017ರಿಂದ ಅಲ್ಲಿ ಮಾನ್ಯತೆ ಪಡೆದ ಕೋರ್ಸು ಮುಗಿಸಿದವರಷ್ಟೇ ಪ್ರಮಾಣಪತ್ರದ ಪರೀಕ್ಷೆಗೆ ಕೂರಬಹುದು. ನಮ್ಮಲ್ಲಿ ಈ ಕೆಲಸವನ್ನು ಬಹುಪಾಲು ವಿಕಿರಣದ ಅಳತೆ ನೋಡಿಕೊಳ್ಳುವ ಮೆಡಿಕಲ್ ಫಿಸಿಸಿಸ್ಟರು, ಕೆಲವೆಡೆ ಅನುಭವಿ ರೇಡಿಯೋಥೆರಪಿ ತಂತ್ರಜ್ಞರು ಮಾಡುತ್ತಾರೆ. ಆದರೆ 2021ರ ರಾಷ್ಟ್ರೀಯ ಅಲೈಡ್ ಮತ್ತು ಆರೋಗ್ಯ ವೃತ್ತಿಗಳ ಆಯೋಗ ಕಾಯ್ದೆಯ ಅನುಸೂಚಿಯಲ್ಲಿ ಡೋಸಿಮೆಟ್ರಿಸ್ಟ್ ಎಂಬ ಹೆಸರು ಬಂದಿದೆ. ಹೆಸರು ಬಂದ ಮೇಲೆ ಓದುವವರು ಬರುತ್ತಾರೆ. ಅವರು ಕೈಪಳಗಿಸಿಕೊಳ್ಳುವುದು ಎಲ್ಲಿ?

ಯಂತ್ರಗಳು ಕಡಿಮೆ, ಹಾಗಾಗಿ ತರಬೇತಿ ಸ್ಥಾನಗಳೂ ಕಡಿಮೆ ಎಂಬ ಉತ್ತರವನ್ನು ದಾವಣಗೆರೆಯಲ್ಲೂ ಚಿತ್ರದುರ್ಗದಲ್ಲೂ ಕೇಳಿ ಕೇಳಿ ಸಾಕಾಗಿದೆ. ಪ್ಲಾನಿಂಗ್ ಕೋಣೆಯಲ್ಲಿ ವಿದ್ಯಾರ್ಥಿಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಲಿಸಿದವನಾಗಿ ನಾನು ಅದನ್ನು ಒಪ್ಪುವುದಿಲ್ಲ. ಡೋಸಿಮೆಟ್ರಿ ಕಲಿಯುವವರಿಗೆ ಬೇಕಾದದ್ದು ಮುಖ್ಯವಾಗಿ ಎರಡು: ಪ್ಲಾನಿಂಗ್ ಕಂಪ್ಯೂಟರಿನ ಮುಂದೆ ಒಂದು ಕುರ್ಚಿ, ಪಕ್ಕದಲ್ಲಿ ಕೂತು ತಿದ್ದುವವರ ಸಮಯ. ಹೊಸ ಲಿನಾಕ್, ಅಂದರೆ ಕಿರಣ ಕೊಡುವ ಯಂತ್ರ ತರಿಸಲು ಕೋಟಿಗಳು ಬೇಕು. ಕುರ್ಚಿಯನ್ನೂ ಸಮಯವನ್ನೂ ಹೊಂದಿಸಲು ಯೋಜನೆ ಸಾಕು. ಆ ಯೋಜನೆ ಹೀಗಿರಲಿ.

ಹಂತ 1: ಒಂದು ವಾರ ಎಣಿಸಿ

ಯಾರಿಗೂ ಪತ್ರ ಬರೆಯುವ ಮೊದಲು ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ಸೋಮವಾರದಿಂದ ಶನಿವಾರದವರೆಗೆ ಪ್ರತಿ ವರ್ಕ್‌ಸ್ಟೇಷನ್ ಯಾವ ಗಂಟೆಯಲ್ಲಿ ಯಾರ ಕೈಯಲ್ಲಿತ್ತು, ಯಾವಾಗ ಖಾಲಿ ಇತ್ತು ಎಂದು ಗುರುತು ಹಾಕಿ. ನೆನಪಿನಿಂದ ಬರೆಯಬೇಡಿ. ‘ಯಾವಾಗಲೂ ಬ್ಯುಸಿ’ ಎಂದು ಎಲ್ಲರೂ ಹೇಳುವ ಕಂಪ್ಯೂಟರ್ ಬೆಳಿಗ್ಗೆ ಯಂತ್ರದ ತಪಾಸಣೆ ನಡೆಯುವ ಹೊತ್ತಿನಲ್ಲಿ, ಮಧ್ಯಾಹ್ನ ವೈದ್ಯರು ಒಪಿಡಿಯಲ್ಲಿರುವಾಗ, ಸಂಜೆ ಐದರ ನಂತರ ಸುಮ್ಮನೆ ಕೂತಿರುವುದನ್ನು ನಾನು ಕಂಡಿದ್ದೇನೆ.

ಉದಾಹರಣೆಗೆ, ಎರಡು ವರ್ಕ್‌ಸ್ಟೇಷನ್, ದಿನಕ್ಕೆ 10 ಗಂಟೆ, ವಾರಕ್ಕೆ 6 ದಿನ ಎಂದಿಟ್ಟುಕೊಳ್ಳಿ. ಒಟ್ಟು 120 ಗಂಟೆ. ರೋಗಿಗಳ ಪ್ಲಾನುಗಳಿಗೆ 75 ಗಂಟೆ ಹೋದರೆ 45 ಉಳಿಯುತ್ತದೆ. ಒಬ್ಬ ವಿದ್ಯಾರ್ಥಿ ವಾರಕ್ಕೆ ಕನಿಷ್ಠ 15 ಗಂಟೆಯಾದರೂ ತಾನೇ ಮೌಸ್ ಹಿಡಿಯಬೇಕು. ಹಿಂದೆ ನಿಂತು ಇಣುಕಿ ನೋಡಿದ್ದು ಈ ಲೆಕ್ಕಕ್ಕೆ ಬರುವುದಿಲ್ಲ. ಅಂದರೆ ಕುರ್ಚಿಯ ಪ್ರಕಾರ ಮೂವರಿಗೆ ಜಾಗವಿದೆ.

ಇನ್ನು ಕಲಿಸುವವರ ಲೆಕ್ಕ. ಪ್ರತಿ ವಿದ್ಯಾರ್ಥಿಗೆ ದಿನಕ್ಕೆ ಒಂದು ಗಂಟೆ ಬೇಕು. ಫಿಸಿಸಿಸ್ಟರು ಇಬ್ಬರಿದ್ದು, ಒಬ್ಬೊಬ್ಬರು ದಿನಕ್ಕೆ ಒಂದು ಗಂಟೆ ಕೊಡಬಲ್ಲರಾದರೆ ಇಬ್ಬರು ವಿದ್ಯಾರ್ಥಿಗಳಷ್ಟೇ ಸಾಧ್ಯ. ಎರಡರಲ್ಲಿ ಚಿಕ್ಕ ಸಂಖ್ಯೆಯೇ ನಿಮ್ಮ ನಿಜವಾದ ಸ್ಥಾನ. ದೊಡ್ಡ ಸಂಖ್ಯೆಯನ್ನು ಹಿಡಿದು ಹೊರಟರೆ ಮೂರನೆಯ ವಿದ್ಯಾರ್ಥಿ ಆರು ತಿಂಗಳು ಫೈಲ್ ಹೊತ್ತುಕೊಂಡು ಓಡಾಡಿ ಮನೆಗೆ ಹೋಗುತ್ತಾನೆ.

ಲೈಸೆನ್ಸ್ ಕೂಡ ನೋಡಿಕೊಳ್ಳಿ. ಕೆಲವು ಪ್ಲಾನಿಂಗ್ ತಂತ್ರಾಂಶಗಳಲ್ಲಿ ಅಂಗಗಳ ಗಡಿ ಎಳೆಯುವ ಕಾಂಟೂರಿಂಗ್‌ಗೆ ಒಂದು ಲೈಸೆನ್ಸ್, ಡೋಸ್ ಲೆಕ್ಕಕ್ಕೆ ಇನ್ನೊಂದು. ಮೊದಲನೆಯದಷ್ಟೇ ಖಾಲಿ ಇದ್ದರೂ ವಿದ್ಯಾರ್ಥಿಗೆ ಅರ್ಧ ದಿನದ ಒಳ್ಳೆಯ ಕೆಲಸ ಸಿಗುತ್ತದೆ.

ಹಂತ 2: ಆಸ್ಪತ್ರೆಗೆ ಕಾಲಿಡುವ ಮುನ್ನವೇ ಕಲಿಸಿ

ಸ್ಥಾನ ಹೆಚ್ಚಿಸುವ ಅತಿ ಅಗ್ಗದ ದಾರಿ ಇದು, ಆದರೆ ಕಾಲೇಜುಗಳು ಇದನ್ನೇ ಬಿಟ್ಟುಬಿಡುತ್ತವೆ. ಹೊಸಬರ ಮೊದಲ ತಿಂಗಳು ಬಟನ್ ಹುಡುಕುವುದರಲ್ಲಿ ಕಳೆಯುತ್ತದೆ. ಅದನ್ನು ಕಾಲೇಜಿನ ಕಂಪ್ಯೂಟರ್ ಲ್ಯಾಬಿನಲ್ಲೇ ಮುಗಿಸಿದರೆ ಆಸ್ಪತ್ರೆಯ ಕುರ್ಚಿ ಒಂದು ತಿಂಗಳು ಬೇಗ ಖಾಲಿಯಾಗುತ್ತದೆ.

ಬೇಕಾದದ್ದೆಲ್ಲ ಪುಕ್ಕಟೆ ಸಿಗುತ್ತದೆ. ‘3ಡಿ ಸ್ಲೈಸರ್’ ಎಂಬ ಮುಕ್ತ ತಂತ್ರಾಂಶದಲ್ಲಿ ಸಿಟಿ ಚಿತ್ರಗಳ ಮೇಲೆ ಅಂಗಗಳ ಗಡಿ ಎಳೆಯುವುದನ್ನು ಕಲಿಯಬಹುದು. ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿರುವ ಕ್ಯಾನ್ಸರ್ ಸಂಶೋಧನಾ ಕೇಂದ್ರದವರು ರೂಪಿಸಿದ ‘ಮ್ಯಾಟ್‌ರ್ಯಾಡ್’ನಲ್ಲಿ ಕಿರಣಗಳ ಕೋನ ಬದಲಿಸಿ ಡೋಸ್ ಹೇಗೆ ಹರಡುತ್ತದೆ ಎಂದು ನೋಡಬಹುದು. ಅದು ಸಂಶೋಧನೆಗೆ, ಕಲಿಕೆಗೆ ಮಾತ್ರ; ರೋಗಿಯ ಚಿಕಿತ್ಸೆಗೆ ಬಳಸುವಂತಿಲ್ಲ. ಹೆಸರು, ಗುರುತು ತೆಗೆದ ಸಿಟಿ ಚಿತ್ರಗಳು ‘ಕ್ಯಾನ್ಸರ್ ಇಮೇಜಿಂಗ್ ಆರ್ಕೈವ್’ ಎಂಬ ಸಾರ್ವಜನಿಕ ಭಂಡಾರದಲ್ಲಿವೆ. ಅಮೆರಿಕದ ವೈದ್ಯಕೀಯ ಭೌತವಿಜ್ಞಾನಿಗಳ ಸಂಘವು 2009ರಲ್ಲಿ ಪ್ರಕಟಿಸಿದ ಟಿಜಿ-119 ವರದಿಯ ಮಾದರಿಗಳೂ ಅಭ್ಯಾಸಕ್ಕೆ ಬಹಳ ಒಳ್ಳೆಯವು. ಅದರಲ್ಲಿ ಇಂಗ್ಲಿಷಿನ ಸಿ ಅಕ್ಷರದಂತೆ ಬಾಗಿದ ಗುರಿಯೊಂದಿದೆ, ನಡುವಿನ ಟೊಳ್ಳಿನಲ್ಲಿ ಉಳಿಸಬೇಕಾದ ಭಾಗವಿದೆ. ಗುರಿಗೆ ಡೋಸ್ ತುಂಬಿ ನಡುವನ್ನು ಉಳಿಸುವ ಕಷ್ಟವನ್ನು ಒಮ್ಮೆ ಅನುಭವಿಸಿದ ವಿದ್ಯಾರ್ಥಿಗೆ ಮುಂದೆ ಬೆನ್ನುಹುರಿಯ ಪಾಠ ಹೇಳುವುದು ಸುಲಭ.

ಈ ಲ್ಯಾಬಿನ ಕೊನೆಗೆ ಒಂದು ಚಿಕ್ಕ ಪರೀಕ್ಷೆ ಇರಲಿ: ಎದೆಯ ಸಿಟಿಯಲ್ಲಿ ಹೃದಯ, ಎರಡು ಶ್ವಾಸಕೋಶ, ಅನ್ನನಾಳ, ಬೆನ್ನುಹುರಿ ಇವುಗಳ ಗಡಿ ಎಳೆಯಬೇಕು. ಪಾಸಾದವರನ್ನಷ್ಟೇ ಆಸ್ಪತ್ರೆಗೆ ಕಳುಹಿಸುತ್ತೇವೆ ಎಂದು ಹೇಳಬಲ್ಲ ಕಾಲೇಜಿಗೆ ಬಾಗಿಲು ಬೇಗ ತೆರೆಯುತ್ತದೆ.

ಹಂತ 3: ಕೇಳುವ ಕ್ರಮ

ಬಹಳ ಜನ ನೇರವಾಗಿ ಮೆಡಿಕಲ್ ಸೂಪರಿಂಟೆಂಡೆಂಟರಿಗೆ ಪತ್ರ ಹಾಕುತ್ತಾರೆ. ಪತ್ರ ಕೆಳಗಿಳಿದು ಫಿಸಿಸಿಸ್ಟರ ಮೇಜಿಗೆ ಬಂದಾಗ ಅವರಿಗೆ ಅದು ಮೇಲಿನಿಂದ ಬಿದ್ದ ಹೊರೆ. ಮೊದಲು ಫಿಸಿಸಿಸ್ಟರನ್ನು ಭೇಟಿ ಮಾಡಿ, ಆಮೇಲೆ ರೇಡಿಯೇಷನ್ ಆಂಕಾಲಜಿ ವಿಭಾಗದ ಮುಖ್ಯಸ್ಥರನ್ನು, ಕೊನೆಗೆ ಆಡಳಿತದವರನ್ನು. ಸಂಜೆ ಕೊನೆಯ ರೋಗಿ ಹೋದ ಮೇಲೆ ಹೋಗಿ. ನಮ್ಮೂರಿನಲ್ಲಿ ಆ ಹೊತ್ತಿಗೆ ಮಂಡಕ್ಕಿ, ಮಿರ್ಚಿ ಬರುತ್ತದೆ; ಬೆಳಿಗ್ಗೆ ಹತ್ತಕ್ಕೆ ಐದು ನಿಮಿಷವೂ ಸಿಗದವರು ಆಗ ಅರ್ಧ ಗಂಟೆ ಮನಸ್ಸು ಬಿಚ್ಚಿ ಮಾತಾಡುತ್ತಾರೆ. ಅವರ ಅಡಚಣೆ ಏನೆಂದು ಆ ಅರ್ಧ ಗಂಟೆಯಲ್ಲಿ ಕೇಳಿಸಿಕೊಳ್ಳಿ. ನಿಮ್ಮ ಪತ್ರದಲ್ಲಿ ಇರಬೇಕಾದದ್ದು ಅದಕ್ಕೆ ಉತ್ತರ.

ಇಬ್ಬರಿಗಾಗಿ ಕೇಳುವ ಪತ್ರದ ತಿರುಳು ಹೀಗಿರಬಹುದು (ಮೊದಲ ಅವಧಿಯಾದರೆ ಒಬ್ಬರನ್ನಷ್ಟೇ ಕೇಳಿ, ಹಂತ 8 ನೋಡಿ):

‘ಮಾನ್ಯರೇ, ನಮ್ಮ ಇಬ್ಬರು ವಿದ್ಯಾರ್ಥಿಗಳಿಗೆ ಆರು ತಿಂಗಳ ಕಾಲ ತಮ್ಮ ವಿಭಾಗದಲ್ಲಿ ಪ್ಲಾನಿಂಗ್ ತರಬೇತಿ ಕೋರುತ್ತೇವೆ. ವರ್ಕ್‌ಸ್ಟೇಷನ್ ಬಳಕೆಗೆ ಬೆಳಿಗ್ಗೆ 8ರಿಂದ 10 ಮತ್ತು ಸಂಜೆ 5ರಿಂದ 7.30ರ ಅವಧಿಯನ್ನು ಮಾತ್ರ ಕೇಳುತ್ತಿದ್ದೇವೆ. ಕಾಂಟೂರಿಂಗ್‌ನ ಪ್ರಾಥಮಿಕ ಪರೀಕ್ಷೆಯಲ್ಲಿ ಇಬ್ಬರೂ ಉತ್ತೀರ್ಣರಾಗಿದ್ದಾರೆ. ಮೈಗೆ ತಗುಲುವ ವಿಕಿರಣ ಅಳೆಯುವ ಟಿಎಲ್‌ಡಿ ಬ್ಯಾಡ್ಜಿನ ವೆಚ್ಚ, ವಿಮೆ ಮತ್ತು ಕಲಿಸುವವರ ಗೌರವಧನ ಕಾಲೇಜಿನದು. ಮೊದಲ ಎಂಟು ವಾರಗಳ ನಂತರ ತಮಗೆ ತೃಪ್ತಿಯಾಗದಿದ್ದಲ್ಲಿ ಕಾರಣ ಕೇಳದೆ ವಿದ್ಯಾರ್ಥಿಗಳನ್ನು ಹಿಂದಕ್ಕೆ ಕರೆಸಿಕೊಳ್ಳುತ್ತೇವೆ.’

ಆ ಕೊನೆಯ ಸಾಲನ್ನು ಬಿಡಬೇಡಿ. ಹೊರಬರುವ ದಾರಿ ಕಂಡರೆ ಒಳಗೆ ಬಿಡಲು ಜನ ಹೆದರುವುದಿಲ್ಲ. ಗೌರವಧನವನ್ನೂ ಹೇಳಿದಂತೆ ಕೊಡಿ. ಕಲಿಸುವುದು ಪುಣ್ಯದ ಕೆಲಸ ಎಂದು ಹೊಗಳಿ ಬರಿಗೈಯಲ್ಲಿ ಕಳುಹಿಸುವ ಪದ್ಧತಿಯಿಂದಲೇ ಎಷ್ಟೋ ಒಳ್ಳೆಯ ಶಿಕ್ಷಕರು ಎರಡನೆಯ ವರ್ಷ ‘ಈ ಸಲ ಬೇಡ’ ಎಂದಿದ್ದಾರೆ.

ಹಂತ 4: ಒಡಂಬಡಿಕೆ ಮತ್ತು ಕಾನೂನು

ಇದರಲ್ಲಿ ಸಡಿಲ ಬಿಡುವಂತಿಲ್ಲ. ವಿಕಿರಣ ಕೆಲಸವೆಲ್ಲ ಅಣುಶಕ್ತಿ ನಿಯಂತ್ರಣ ಮಂಡಳಿಯ, ಅಂದರೆ ಎಇಆರ್‌ಬಿಯ ಕಣ್ಣಿನಡಿ, 2004ರ ವಿಕಿರಣ ರಕ್ಷಣಾ ನಿಯಮಗಳ ಅಡಿ ನಡೆಯುತ್ತದೆ. ವಿದ್ಯಾರ್ಥಿಯ ದಿನದ ಬಹುಪಾಲು ಪರದೆಯ ಮುಂದೆ ಕಳೆಯುವುದಾದರೂ ಚಿಕಿತ್ಸೆಗೆ ಮುಂಚಿನ ಸಿಟಿ ತೆಗೆಯುವ ಸಿಮ್ಯುಲೇಷನ್ ಕೋಣೆಗೆ, ಯಂತ್ರದ ತಪಾಸಣೆಗೆ ಹೋಗಲೇಬೇಕು. ಹಾಗಾಗಿ ಮೊದಲ ದಿನವೇ ಟಿಎಲ್‌ಡಿ ಬ್ಯಾಡ್ಜ್ ಎದೆಯ ಮೇಲಿರಬೇಕು. ಬ್ಯಾಡ್ಜ್ ತರಿಸಲು ಸಮಯ ಹಿಡಿಯುತ್ತದೆ, ಮೂರು ತಿಂಗಳಿಗೊಮ್ಮೆ ಬದಲಾಗುತ್ತದೆ. ಆದ್ದರಿಂದ ವಿಕಿರಣ ಸುರಕ್ಷತಾ ಅಧಿಕಾರಿಗೆ ಹೆಸರುಗಳನ್ನು ಮುಂಚಿತವಾಗಿ ಕೊಡಿ. ಬ್ಯಾಡ್ಜ್ ಬಾರದ ವಿದ್ಯಾರ್ಥಿಗೆ ಇನ್ನೊಬ್ಬರದ್ದನ್ನು ತೊಡಿಸುವ ಕೆಟ್ಟ ರೂಢಿಯನ್ನು ಒಂದೇ ಒಂದು ದಿನಕ್ಕೂ ಒಪ್ಪಬೇಡಿ. ಆ ದಿನ ಅವರು ಪರದೆಯ ಮುಂದೆಯೇ ಇರಲಿ.

ವಿಕಿರಣ ಕೆಲಸಗಾರರಿಗೆ ಐದು ವರ್ಷಗಳ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್ (ಮೈಗೆ ತಗುಲುವ ವಿಕಿರಣದ ಅಳತೆ), ಯಾವುದೇ ಒಂದು ವರ್ಷದಲ್ಲಿ 30 ಮಿಲಿಸೀವರ್ಟ್ ಮಿತಿ. 16ರಿಂದ 18 ವಯಸ್ಸಿನ ತರಬೇತಿಯವರಿಗೆ ವರ್ಷಕ್ಕೆ 6. ವಿದ್ಯಾರ್ಥಿನಿ ಗರ್ಭಿಣಿ ಎಂದು ತಿಳಿಸಿದರೆ ಉಳಿದ ಅವಧಿಗೆ ಭ್ರೂಣದ ಮಿತಿ 1 ಮಿಲಿಸೀವರ್ಟ್. ಆಕೆಯ ತರಬೇತಿ ನಿಲ್ಲಬೇಕಿಲ್ಲ. ಪ್ಲಾನಿಂಗ್ ಪೂರ್ತಿ ಪರದೆಯ ಕೆಲಸವಾದ್ದರಿಂದ ಸರದಿಯನ್ನು ಹಿಂದೆ ಮುಂದೆ ಮಾಡಿದರೆ ಸಾಕು. ಇದನ್ನು ಒಡಂಬಡಿಕೆಯಲ್ಲೇ ಬರೆಸಿ.

ರೋಗಿಯ ಮಾಹಿತಿಯ ವಿಷಯದಲ್ಲಿ: ವಿದ್ಯಾರ್ಥಿಗೆ ಪ್ರತ್ಯೇಕ ಲಾಗಿನ್, ಹೆಸರು ಅಳಿಸಿದ ಅಭ್ಯಾಸದ ಪ್ರತಿ, ಪೆನ್ ಡ್ರೈವ್‌ಗೆ ನಿಷೇಧ, ಪರದೆಯ ಫೋಟೋ ಮೊಬೈಲಿನಲ್ಲಿ ತೆಗೆಯುವಂತಿಲ್ಲ. ಅಭ್ಯಾಸದ ಪ್ಲಾನುಗಳ ಹೆಸರು ‘ಅಭ್ಯಾಸ’ ಎಂದೇ ಶುರುವಾಗಲಿ. ರೋಗಿಗೆ ಹೋಗುವ ಯಾವ ಪ್ಲಾನೂ ಫಿಸಿಸಿಸ್ಟರ ಸ್ವತಂತ್ರ ಪರಿಶೀಲನೆ ಮತ್ತು ವೈದ್ಯರ ಸಹಿ ಇಲ್ಲದೆ ಯಂತ್ರದತ್ತ ಸಾಗಕೂಡದು.

ಈ ಸಾಲಿನ ಬೆಲೆ ನನಗೆ ಗೊತ್ತು. ಹಿಂದೊಮ್ಮೆ ಬೆನ್ನುಮೂಳೆಗೆ ಹರಡಿದ ಕ್ಯಾನ್ಸರಿನ ರೋಗಿಯೊಬ್ಬರ ಪ್ಲಾನನ್ನು ವಿದ್ಯಾರ್ಥಿಯೊಬ್ಬ ತಯಾರಿಸಿದ್ದ. ಆ ರೋಗಿಯ ಸೊಂಟದ ಕೊನೆಯ ಮೂಳೆ ಹುಟ್ಟಿನಿಂದಲೇ ಕೆಳಗಿನ ತ್ರಿಕಾಸ್ಥಿಗೆ ಬೆಸೆದುಕೊಂಡಿತ್ತು. ಕೆಳಗಿನಿಂದ ಎಣಿಸುತ್ತ ಬಂದವನು ಒಂದು ಮೂಳೆ ಮೇಲಕ್ಕೆ ಗುರಿ ಇಟ್ಟಿದ್ದ. ನಾನು ಎಂಆರ್‌ಐ ತೆರೆದು ಕುತ್ತಿಗೆಯಿಂದ ಕೆಳಗೆ ಎಣಿಸಿದಾಗ ಲೆಕ್ಕ ತಪ್ಪಿದ್ದು ಕಂಡಿತು. ಅವನು ಅಜಾಗರೂಕ ಹುಡುಗನಲ್ಲ, ಮೂರು ಸಲ ಎಣಿಸಿದ್ದ; ಮೂರು ಸಲವೂ ಕೆಳಗಿನಿಂದಲೇ. ಅಂದಿನಿಂದ ಎರಡೂ ತುದಿಯಿಂದ ಎಣಿಸುವುದು ನಮ್ಮ ಕೋಣೆಯ ನಿಯಮ.

ಹಂತ 5: ಕೆಲಸವನ್ನು ಊರುಗಳಲ್ಲಿ ಹಂಚಿ

ಒಂದೇ ಆಸ್ಪತ್ರೆ ಎಲ್ಲವನ್ನೂ ಕಲಿಸಬೇಕು ಎಂಬ ಹಟ ಬಿಟ್ಟರೆ ಸ್ಥಾನಗಳು ತಾನಾಗಿ ಹೆಚ್ಚುತ್ತವೆ. ದಾವಣಗೆರೆಯಲ್ಲಿ ದಶಕಗಳಿಂದ ಮೆಡಿಕಲ್ ಕಾಲೇಜುಗಳಿವೆ. ಜೆಜೆಎಂ ಕಾಲೇಜು 1965ರದ್ದು. ಚಿತ್ರದುರ್ಗದಲ್ಲಿ ಬಸವೇಶ್ವರ ಮೆಡಿಕಲ್ ಕಾಲೇಜಿನ ಜೊತೆಗೆ 2023ರಿಂದ ಸರ್ಕಾರಿ ಮೆಡಿಕಲ್ ಕಾಲೇಜೂ ಇದೆ. ಎರಡು ಊರುಗಳ ನಡುವೆ ಹೆದ್ದಾರಿಯಲ್ಲಿ ಸುಮಾರು 60 ಕಿಲೋಮೀಟರ್. ಬೆಳಿಗ್ಗೆ ಬಸ್ಸು ಹತ್ತಿ ಸಂಜೆ ಮನೆಗೆ ಮರಳಬಹುದಾದ ದೂರ ಇದು. ಹಾಸ್ಟೆಲ್ ಖರ್ಚು ಭರಿಸಲಾಗದ ಹೊಸದುರ್ಗದ, ಹೊಳಲ್ಕೆರೆಯ ಮಕ್ಕಳಿಗೆ ಇದು ಸಣ್ಣ ವಿಷಯವಲ್ಲ.

ರೇಡಿಯೋಥೆರಪಿ ಯಂತ್ರವೇ ಇಲ್ಲದ ಆಸ್ಪತ್ರೆಯೂ ಕಲಿಸಬಲ್ಲದು. ಸಿಟಿ ಸ್ಕ್ಯಾನ್ ಇರುವ ರೇಡಿಯಾಲಜಿ ವಿಭಾಗದಲ್ಲಿ ನಾಲ್ಕು ವಾರ ಕೂತವರಿಗೆ ಕುತ್ತಿಗೆಯ ಲಿಂಫ್ ಗ್ರಂಥಿಗಳ ಹಂತಗಳು, ಹೊಟ್ಟೆಯ ಅಂಗಗಳ ಜಾಗ ಕಣ್ಣಿಗೆ ಕಟ್ಟುತ್ತದೆ. ಇಷ್ಟು ಭಾಗಕ್ಕೆ ಲಿನಾಕ್ ಇರುವ ಆಸ್ಪತ್ರೆಯ ಕುರ್ಚಿ ಬೇಕಾಗಿಯೇ ಇಲ್ಲ. ಶಸ್ತ್ರಚಿಕಿತ್ಸಾ ವಿಭಾಗದ ಒಪಿಡಿಯಲ್ಲಿ ಒಂದು ವಾರ ಕೂತರೂ ಒಳ್ಳೆಯದು. ಬಾಯಿ ಕ್ಯಾನ್ಸರಿನ ಹುಣ್ಣನ್ನು ಕಣ್ಣಾರೆ ಕಂಡವರು ಪರದೆಯ ಮೇಲಿನ ಬೂದು ಬಣ್ಣದ ಮಚ್ಚೆಯನ್ನು ಬೇರೆ ಗಮನದಿಂದ ನೋಡುತ್ತಾರೆ.

ಇಲ್ಲಿ ಸಿಗದ ತಂತ್ರಗಳಿಗೆ, ಉದಾಹರಣೆಗೆ ಚಿಕ್ಕ ಗುರಿಗೆ ಕರಾರುವಾಕ್ಕಾಗಿ ಹೆಚ್ಚು ಡೋಸ್ ಕೊಡುವ ಅಪರೂಪದ ಸ್ಟೀರಿಯೋಟ್ಯಾಕ್ಟಿಕ್ ಚಿಕಿತ್ಸೆಗೆ ಅಥವಾ ವಿಕಿರಣ ಮೂಲವನ್ನು ಗಡ್ಡೆಯ ಒಳಗೋ ಪಕ್ಕದಲ್ಲೋ ಇಡುವ ಬ್ರ್ಯಾಕಿಥೆರಪಿಯ ಹೆಚ್ಚಿನ ಸಂಖ್ಯೆಯ ಪ್ಲಾನುಗಳಿಗೆ, ಬೆಂಗಳೂರಿನ ಕಿದ್ವಾಯಿಯಂತಹ ದೊಡ್ಡ ಕೇಂದ್ರದಲ್ಲಿ ನಾಲ್ಕು ವಾರಗಳ ಅವಧಿ ಕೇಳಿ. ಬೆಂಗಳೂರು–ಹುಬ್ಬಳ್ಳಿ ರೈಲು ಮಾರ್ಗದಲ್ಲೇ ದಾವಣಗೆರೆ ಇರುವುದರಿಂದ ಎರಡೂ ದಿಕ್ಕಿನ ಕೇಂದ್ರಗಳನ್ನು ಕೇಳಬಹುದು. ಒಂದು ವರ್ಷ ಕೇಳಿದರೆ ದೊಡ್ಡವರು ಇಲ್ಲ ಎನ್ನುತ್ತಾರೆ. ನಾಲ್ಕು ವಾರ, ಒಬ್ಬರೇ, ಇಂಥದ್ದೇ ವಿಷಯ ಎಂದರೆ ಒಪ್ಪುವ ಸಂಭವ ಹೆಚ್ಚು. ಬ್ರ್ಯಾಕಿಥೆರಪಿಯಲ್ಲಿ ಬಳಸುವ ಇರಿಡಿಯಂ-192ರ ಅರ್ಧಾಯುಷ್ಯ ಸುಮಾರು 74 ದಿನ, ಹಾಗಾಗಿ ಮೂಲವನ್ನು ಕೆಲವು ತಿಂಗಳಿಗೊಮ್ಮೆ ಬದಲಿಸುತ್ತಾರೆ. ಸಾಧ್ಯವಾದರೆ ಆ ವಾರ ನಿಮ್ಮ ವಿದ್ಯಾರ್ಥಿ ಅಲ್ಲಿರುವಂತೆ ದಿನಾಂಕ ಕೇಳಿಕೊಳ್ಳಿ. ಹೊಸ ಮೂಲದ ಬಲವನ್ನು ಅಳೆದು ಕಂಪ್ಯೂಟರಿಗೆ ಸೇರಿಸುವುದನ್ನು ನೋಡುವ ಅವಕಾಶ ಮತ್ತೆ ಬೇಗ ಬಾರದು.

ಹಂತ 6: ಕಲಿಸುವ ಗಂಟೆಯನ್ನು ಉಳಿಸಿ

ಸಮಯ ಸಿಕ್ಕಾಗ ಕಲಿಸುತ್ತೇನೆ ಎಂದರೆ ಸಮಯ ಸಿಗುವುದೇ ಇಲ್ಲ. ಗೋಡೆಯ ಮೇಲೆ ಬರೆದು ಅಂಟಿಸಿ: ಸಂಜೆ 5.30ರಿಂದ 6.30 ತಿದ್ದುವ ಹೊತ್ತು. ಆ ಗಂಟೆಯಲ್ಲಿ ದಿನದ ಪ್ಲಾನು ಒಂದೇ ಒಂದು ತೆರೆಯಲಿ, ಅದನ್ನು ಕೊನೆಯವರೆಗೂ ನೋಡಿ.

ಕಲಿಸುವ ಕ್ರಮವೂ ಸಮಯ ಉಳಿಸುತ್ತದೆ. ಮೊದಲು ಮೂಳೆಯ ನೋವಿಗೆ, ಮೆದುಳಿಗೆ ಕೊಡುವ ಸರಳ ಎರಡು ಕಿರಣಗಳ ಪ್ಲಾನು. ಆಮೇಲೆ ಸೊಂಟದ ಭಾಗಕ್ಕೆ ನಾಲ್ಕು ಕಿರಣ. ನಂತರ ಸ್ತನ. ಕಿರಣದ ತೀವ್ರತೆಯನ್ನು ಜಾಗಕ್ಕೆ ತಕ್ಕಂತೆ ಬದಲಿಸುವ ಐಎಂಆರ್‌ಟಿ, ತಲೆ ಮತ್ತು ಕುತ್ತಿಗೆಯದು, ಕೊನೆಗೆ. ತಂಬಾಕು, ಗುಟ್ಕಾದಿಂದಾಗಿ ನಮ್ಮ ಕಡೆ ಬಾಯಿಯ ಕ್ಯಾನ್ಸರ್ ಬಹಳ, ಹಾಗಾಗಿ ಈ ಕೊನೆಯ ಪಾಠವೇ ಅವರ ಮುಂದಿನ ಅನ್ನ.

ಅದರಲ್ಲಿ ಎಲ್ಲರೂ ಎಡವುವ ಒಂದು ಜಾಗವನ್ನು ಹೇಳುತ್ತೇನೆ. ವಿದ್ಯಾರ್ಥಿನಿಯೊಬ್ಬಳು ಕೆನ್ನೆಯ ಕ್ಯಾನ್ಸರಿನ ಅಭ್ಯಾಸ ಪ್ಲಾನು ತಂದಳು. ಗುರಿಗೆ ಡೋಸ್ ಚೆನ್ನಾಗಿ ಮುಟ್ಟಿತ್ತು, ಬೆನ್ನುಹುರಿ 45 ಗ್ರೇ (ಡೋಸಿನ ಅಳತೆ) ಒಳಗಿತ್ತು. ಆದರೆ ಕೆನ್ನೆಯ ಹೊರಭಾಗದಲ್ಲಿ ಕೆಂಪು ಬಣ್ಣದ ಒಂದು ಪಟ್ಟಿ, ಡೋಸ್ ಅಲ್ಲಿ ಮಿತಿ ಮೀರಿತ್ತು. ಎರಡು ದಿನ ಕಂಪ್ಯೂಟರಿಗೆ ಕೊಡುವ ಡೋಸ್ ಷರತ್ತುಗಳನ್ನು ಬದಲಿಸಿ ಬದಲಿಸಿ ಸೋತಿದ್ದಳು. ನಾನು ಮೌಸ್ ಮುಟ್ಟದೆ ಚಿತ್ರವನ್ನು ದೊಡ್ಡದು ಮಾಡಲು ಹೇಳಿದೆ. ಅವಳ ಗುರಿಯ ಗೆರೆ ಚರ್ಮವನ್ನೂ ದಾಟಿ ಗಾಳಿಗೆ ಹೋಗಿತ್ತು. ಚರ್ಮದ ಮೊದಲ ಕೆಲವು ಮಿಲಿಮೀಟರುಗಳಲ್ಲಿ ಡೋಸ್ ಇನ್ನೂ ಕಟ್ಟಿಕೊಂಡಿರುವುದಿಲ್ಲ. ಅಲ್ಲಿಯೂ ಪೂರ್ತಿ ಡೋಸ್ ಬೇಕು ಎಂದು ಕೇಳಿದರೆ ಕಂಪ್ಯೂಟರ್ ಅಲ್ಲಿಗೆ ಕಿರಣ ಸುರಿಯುತ್ತಲೇ ಹೋಗುತ್ತದೆ. ವೈದ್ಯರನ್ನು ಕೇಳಿ, ಚರ್ಮಕ್ಕೆ ರೋಗ ಹರಡಿಲ್ಲವೆಂದು ಖಚಿತಪಡಿಸಿಕೊಂಡು, ಗೆರೆಯನ್ನು ಚರ್ಮದಿಂದ 4 ಮಿಲಿಮೀಟರ್ ಒಳಗೆ ತಂದಳು. ಕೆಂಪು ಪಟ್ಟಿ ಹೋಯಿತು. ‘ಸರ್, ಕೇಳಿದ್ದೇ ತಪ್ಪಾಗಿತ್ತು’ ಎಂದಳು. ಇಂಥ ಇಪ್ಪತ್ತು ನಿಮಿಷ ಪುಸ್ತಕದಲ್ಲಿ ಸಿಗುವುದಿಲ್ಲ. ತರಬೇತಿ ಸ್ಥಾನ ಎಂದು ನಾವು ಕೇಳುತ್ತಿರುವುದು ಇದನ್ನೇ.

ಹಳೆಯ ವಿದ್ಯಾರ್ಥಿಗೆ ಹೊಸಬರ ಕಾಂಟೂರಿಂಗ್ ತಿದ್ದುವ ಹೊಣೆ ಕೊಡಿ. ಫಿಸಿಸಿಸ್ಟರ ಹೊರೆ ಇಳಿಯುತ್ತದೆ, ಕಲಿಸಿದವರ ಪಾಠವೂ ಗಟ್ಟಿಯಾಗುತ್ತದೆ. ಇದು ನಡೆಯಬೇಕಾದರೆ ಎರಡು ತಂಡಗಳ ಅವಧಿ ಆರು ವಾರವಾದರೂ ಒಂದರ ಮೇಲೊಂದು ಬರಬೇಕು.

ಹಂತ 7: ಲಾಗ್‌ಬುಕ್

ಮೂರು ಕಾಲಮ್ ಸಾಕು: ನೋಡಿದ್ದು, ಜೊತೆಗಿದ್ದು ಮಾಡಿದ್ದು, ಸ್ವಂತ ಮಾಡಿದ್ದು. ಮೊದಲ ಕಾಲಮ್ ತುಂಬಿ ಮೂರನೆಯದು ಖಾಲಿ ಇದ್ದರೆ ಆ ಸ್ಥಾನ ಹೆಸರಿಗಷ್ಟೇ ಇದೆ. ಪ್ರತಿ ತಿಂಗಳ ಕೊನೆಗೆ ಕಾಲೇಜಿನವರು ಬಂದು ನೋಡಲಿ, ಫೋನಿನಲ್ಲಿ ವಿಚಾರಿಸಿದರೆ ಸಾಲದು.

ಲಾಗ್‌ಬುಕ್‌ನಲ್ಲಿ, ಚಿಕಿತ್ಸೆಯ ಹೊತ್ತಿಗೆ ತಲೆ ಅಲುಗದಂತೆ ಹಿಡಿಯುವ ಅಚ್ಚು ತಯಾರಾಗುವ ಮೌಲ್ಡ್ ರೂಮಿನ ಒಂದು ಪುಟವೂ ಇರಲಿ. ಬಿಸಿ ನೀರಿನಲ್ಲಿ ಮೆತ್ತಗಾದ ಜಾಲರಿ ಹಾಳೆಯನ್ನು ರೋಗಿಯ ಮುಖದ ಮೇಲೆ ಎಳೆದು ಅಚ್ಚು ತೆಗೆಯುವಾಗ ವಿದ್ಯಾರ್ಥಿ ಪಕ್ಕದಲ್ಲಿ ನಿಂತು, ‘ಅಮ್ಮಾ, ಸ್ವಲ್ಪ ಬೆಚ್ಚಗಾಗುತ್ತದೆ, ಉಸಿರಾಡಲು ತೂತುಗಳಿವೆ, ಹೆದರಬೇಡಿ’ ಎಂದು ತಾನೇ ಹೇಳಬೇಕು. ಆ ಮುಖವನ್ನು ಕಂಡವರು ಪ್ಲಾನಿನಲ್ಲಿ ಲಾಲಾರಸ ಗ್ರಂಥಿಯ ಸರಾಸರಿ ಡೋಸನ್ನು 26 ಗ್ರೇ ಒಳಗೆ ಇಳಿಸಲು ಇನ್ನೊಂದು ಗಂಟೆ ಕೂರುತ್ತಾರೆ. ಮುಂದೆ ಅನ್ನ ನುಂಗಲು ಆ ಉಗುಳು ಬೇಕು.

ಹಂತ 8: ಒಬ್ಬರಿಂದ ಶುರು ಮಾಡಿ, ಸರಿಯಾಗಿ ಬೀಳ್ಕೊಡಿ

ಮೊದಲ ಅವಧಿಗೆ ಒಂದು ಆಸ್ಪತ್ರೆಗೆ ಒಬ್ಬರೇ ಸಾಕು. ಎರಡನೆಯ ಅವಧಿಗೆ ಇಬ್ಬರು. ಕುರ್ಚಿಯ ಲೆಕ್ಕ ಮೂವರನ್ನು ಹೇಳಿದರೂ ಅವಸರ ಬೇಡ.

ಅವಧಿ ಮುಗಿದ ದಿನ ಮಾಡಬೇಕಾದ ಕೆಲಸಗಳನ್ನು ಮರುದಿನಕ್ಕೆ ಉಳಿಸಬೇಡಿ. ವಿದ್ಯಾರ್ಥಿಯ ಲಾಗಿನ್ ಮುಚ್ಚಿಸಿ. ‘ಅಭ್ಯಾಸ’ ಎಂದು ಶುರುವಾಗುವ ಪ್ಲಾನುಗಳನ್ನು ಫಿಸಿಸಿಸ್ಟರ ಎದುರಿನಲ್ಲೇ ಅಳಿಸಿ. ಟಿಎಲ್‌ಡಿ ಬ್ಯಾಡ್ಜನ್ನು ಸುರಕ್ಷತಾ ಅಧಿಕಾರಿಯ ಕೈಗೆ ಮರಳಿಸಿ. ಡೋಸ್ ವರದಿ ಬಂದಾಗ ಅದರ ಪ್ರತಿ ವಿದ್ಯಾರ್ಥಿಗೆ ತಲುಪುವಂತೆ ಮನೆಯ ವಿಳಾಸ ಬರೆದುಕೊಳ್ಳಿ. ಮುಂದೆ ಅವರು ಕೆಲಸಕ್ಕೆ ಸೇರುವ ಕಡೆ ಅದನ್ನು ಕೇಳುತ್ತಾರೆ. ಕಲಿಸಿದವರ ಗೌರವಧನದ ಚೆಕ್ಕು ಅದೇ ದಿನ ಅವರ ಕೈಸೇರಲಿ. ಇನ್ನೂ ಬರಬೇಕಿರುವ ತಂಡದ ಹೆಸರುಗಳ ಪಟ್ಟಿಯನ್ನೂ ಬ್ಯಾಡ್ಜಿಗಾಗಿ ಅಂದೇ ಕೊಟ್ಟು ಬನ್ನಿ.